ಬೆನ್ನುನೋವೆಲ್ಲ ನೀರಿನ ದೋಷವಲ್ಲ: ಮೂಳೆ-ಕೀಲುಗಳ ಸೋಂಕು ಮತ್ತು ಸಂಶೋಧನೆ ಉತ್ತರಿಸಬೇಕಾದ ಪ್ರಶ್ನೆಗಳು

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಗ್ರಾಮದ ಹೆಸರು ಈಗ ಸೌರವಿದ್ಯುತ್ತಿನೊಡನೆ ಸೇರಿಕೊಂಡಿದೆ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಗ್ರಾಮಗಳ ಜಮೀನಿನೊಂದಿಗೆ ಈ ಊರಿನ ಜಮೀನೂ ಕೂಡಿ, ಸುಮಾರು 13,000 ಎಕರೆ ವಿಸ್ತಾರದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ನಿಂತಿದೆ. ಆದರೂ ಈ ಸೀಮೆಯ ಹಿರಿಯರಿಗೆ ತಮ್ಮ ನಾಡೆಂದರೆ ಮೊದಲು ನೆನಪಿಗೆ ಬರುವುದು ಬರಗಾಲ, ಕಡಲೆಕಾಯಿ ಹೊಲ, ಕುರಿಮಂದೆ ಮತ್ತು ಕೊಳವೆಬಾವಿಯ ಫ್ಲೋರೈಡ್ ನೀರು. ಬೆನ್ನು ಬಾಗಿದ, ಕುತ್ತಿಗೆ ಹೊರಳಿಸಲಾಗದ ವೃದ್ಧರನ್ನು ಕಂಡರೆ "ನೀರಿನ ದೋಷ" ಎಂಬ ಒಂದೇ ಮಾತಿನಲ್ಲಿ ಕಾರಣ ಹೇಳಿ ಮುಗಿಸುವುದು ಇಲ್ಲಿನ ರೂಢಿ.

ಆ ಮಾತಿನಲ್ಲಿ ಸತ್ಯವಿದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದೆಂದೂ, ಬೇರೆ ನೀರು ದೊರೆಯದಿದ್ದರೆ 1.5 ಮಿಲಿಗ್ರಾಂ ಮೀರಬಾರದೆಂದೂ ಭಾರತೀಯ ಮಾನಕ ಹೇಳುತ್ತದೆ. ಈ ಮಿತಿಯನ್ನು ಬಹಳವಾಗಿ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ ಗಡುಸಾಗಿ, ಕಟ್ಟುನರಗಳು ಸುಣ್ಣಗಟ್ಟಿ, ಕೀಲುಗಳು ಬಿಗಿಯುತ್ತವೆ. ಆದರೆ ಪ್ರತಿಯೊಂದು ಬೆನ್ನುನೋವಿಗೂ ಇದೇ ಕಾರಣವೆಂದು ತಿಳಿದು ಕುಳಿತರೆ ಅನರ್ಥವಾಗುತ್ತದೆ. ಫ್ಲೋರೈಡಿನಿಂದ ಕೆಟ್ಟ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಸೋಂಕಿನಿಂದ ಕೆಡುತ್ತಿರುವ ಮೂಳೆಗೆ ಔಷಧಿ ಇದೆ. ಔಷಧಿ ಇರುವ ರೋಗವನ್ನು ಔಷಧಿ ಇಲ್ಲದ ರೋಗವೆಂದು ನಂಬಿ, ಮನೆಯ ಮೂಲೆಯಲ್ಲಿ ಮಲಗಿ, ಕಾಲಿನ ಶಕ್ತಿಯನ್ನೇ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ಶರಣರು ಕಾಯವನ್ನು ಹಳಿಯಲಿಲ್ಲ. ಕಾಯಕಕ್ಕೂ ಪೂಜೆಗೂ ಸಾಧನವಾದ ಪ್ರಸಾದಕಾಯವೆಂದು ಅದನ್ನು ಗೌರವಿಸಿದರು. ಆ ಕಾಯವನ್ನು ಎತ್ತಿ ನಿಲ್ಲಿಸುವ ಮೂಳೆ-ಕೀಲುಗಳಿಗೆ ತಗಲುವ ಸೋಂಕು ಎಂಥದು, ಅದರ ಚಿಕಿತ್ಸೆಯಲ್ಲಿ ವಿಜ್ಞಾನ ಈವರೆಗೆ ಏನನ್ನು ತಿಳಿದಿದೆ, ನಮ್ಮಂತಹ ಊರುಗಳಿಗಾಗಿ ಇನ್ನು ಯಾವ ಪ್ರಶ್ನೆಗಳಿಗೆ ಮೊದಲು ಉತ್ತರ ಹುಡುಕಬೇಕು ಎಂಬುದನ್ನು ಭಕ್ತರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಒಂದೇ ನೋವು, ಹಲವು ಮೂಲ

ನಮ್ಮ ಭಾಗದಲ್ಲಿ ಮೂಳೆ-ಕೀಲುಗಳ ಸೋಂಕನ್ನು ಮುಖ್ಯವಾಗಿ ಮೂರು ಬಗೆಯಾಗಿ ತಿಳಿಯಬಹುದು.

ಮೊದಲನೆಯದು ಕ್ಷಯ. ಕ್ಷಯವೆಂದರೆ ಕೆಮ್ಮು, ಕಫ ಎಂದಷ್ಟೇ ಅನೇಕರು ತಿಳಿದಿದ್ದಾರೆ. ಆದರೆ ಅದೇ ಕ್ರಿಮಿ ರಕ್ತದ ಮೂಲಕ ಮೂಳೆಗೂ ತಲುಪಬಲ್ಲದು. ಮೂಳೆ-ಕೀಲುಗಳ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನುಮೂಳೆಯದೇ ಆಗಿರುತ್ತದೆ. ಬೆನ್ನು ಗೂನಾಗಿ ಕಾಲುಗಳು ಬಲಹೀನವಾಗುವ ಈ ರೋಗವನ್ನು 1779ರಲ್ಲಿ ಪರ್ಸಿವಲ್ ಪಾಟ್ ಎಂಬ ಆಂಗ್ಲ ಶಸ್ತ್ರವೈದ್ಯರು ವರ್ಣಿಸಿದರು. ಇಂದಿಗೂ ಅದಕ್ಕೆ ಅವರ ಹೆಸರಿದೆ.

ಎರಡನೆಯದು ಬ್ರುಸೆಲ್ಲಾ ಜ್ವರ. ಇದು ಕುರಿ, ಮೇಕೆ, ದನಗಳಿಂದ ಮನುಷ್ಯರಿಗೆ ಬರುವ ಸೋಂಕು. ಕಾಯಿಸದ ಹಾಲು ಕುಡಿದಾಗ, ಕಂದು ಹಾಕಿದ ಅಥವಾ ಈಯುತ್ತಿರುವ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಿದಾಗ ಇದು ತಗಲುತ್ತದೆ. ಏರಿಳಿಯುವ ಜ್ವರ, ರಾತ್ರಿಯ ಬೆವರು, ಸೊಂಟ ಮತ್ತು ಕೀಲುಗಳ ನೋವು ಇದರ ಲಕ್ಷಣಗಳು. 1887ರಲ್ಲಿ ಡೇವಿಡ್ ಬ್ರೂಸ್ ಅವರು ಮಾಲ್ಟಾ ದ್ವೀಪದಲ್ಲಿ ಮೃತ ಸೈನಿಕರ ದೇಹದಿಂದ ಈ ಕ್ರಿಮಿಯನ್ನು ಬೇರ್ಪಡಿಸಿದರು. 1905ರಲ್ಲಿ ಆ ದ್ವೀಪದ ವೈದ್ಯ ಥೆಮಿಸ್ಟೊಕ್ಲಿಸ್ ಜಮಿತ್ ಅವರು ನೋಡಲು ಆರೋಗ್ಯವಾಗಿದ್ದ ಮೇಕೆಗಳೇ ಕ್ರಿಮಿಯ ನೆಲೆಯೆಂದು ತೋರಿಸಿದರು. ಹಾಲಿನ ಮೂಲಕ ರೋಗ ಬರುತ್ತಿದೆ ಎಂಬುದು ಬಯಲಾದದ್ದು ಹೀಗೆ.

ಮೂರನೆಯದು ಕೀವಿನ ಸೋಂಕು. ಗಾಯ, ಕುರು, ಚರ್ಮ ಸೀಳಿ ಹೊರಬಂದ ಮೂಳೆಮುರಿತ, ಶಸ್ತ್ರಚಿಕಿತ್ಸೆಯಲ್ಲಿ ಇರಿಸಿದ ಕಬ್ಬಿಣದ ಪಟ್ಟಿ ಇವುಗಳ ಮೂಲಕ ಸ್ಟೆಫಿಲೊಕಾಕಸ್ ಮೊದಲಾದ ಕ್ರಿಮಿಗಳು ಮೂಳೆಯನ್ನು ಸೇರುತ್ತವೆ. ಮಕ್ಕಳಲ್ಲಿ ಕಣ್ಣಿಗೆ ಕಾಣುವ ಗಾಯವಿಲ್ಲದೆಯೂ ರಕ್ತದ ಮೂಲಕ ಇದು ಬರಬಹುದು. ಜ್ವರವಿರುವ ಮಗು ಇದ್ದಕ್ಕಿದ್ದಂತೆ ಕಾಲೂರಲು ಒಲ್ಲದಿದ್ದರೆ ಅದನ್ನು "ಬಿದ್ದಿರಬೇಕು, ಉಳುಕಿರಬೇಕು" ಎಂದು ಎಣ್ಣೆ ತಿಕ್ಕಿ ಕಾಯಬಾರದು. ಕೀಲಿನೊಳಗೆ ಕೀವಾದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಶಾಶ್ವತವಾಗಿ ನಾಶವಾಗುತ್ತದೆ.

ಮೂಳೆಯ ಸೋಂಕು ಏಕೆ ಹಟ ಹಿಡಿಯುತ್ತದೆ?

ಗಂಟಲುನೋವಿಗೆ ಐದು ದಿನದ ಗುಳಿಗೆ ಸಾಕಾಗುವಾಗ ಮೂಳೆಗೆ ವಾರಗಳು, ತಿಂಗಳುಗಳು ಏಕೆ ಬೇಕೆಂದು ಭಕ್ತರು ಕೇಳುವುದು ಸಹಜ. ಔಷಧಿ ರಕ್ತದೊಡನೆ ಹರಿದು ಹೋಗಬೇಕು. ಸೋಂಕು ತಗಲಿದ ಮೂಳೆಯೊಳಗೆ ಕೀವಿನ ಒತ್ತಡದಿಂದ ರಕ್ತನಾಳಗಳೇ ಮುಚ್ಚಿಹೋಗುತ್ತವೆ. ರಕ್ತವಿಲ್ಲದ ಭಾಗ ಸತ್ತು ಒಳಗೇ ಉಳಿಯುತ್ತದೆ. ಕಾಲುವೆ ಒಡೆದ ಹೊಲಕ್ಕೆ ನೀರು ತಲುಪದಂತೆ ಆ ಸತ್ತ ಮೂಳೆಗೆ ಔಷಧಿ ತಲುಪುವುದಿಲ್ಲ. ಅಷ್ಟೇ ಅಲ್ಲದೆ, ಸತ್ತ ಮೂಳೆಯ ಮೇಲೂ ಲೋಹದ ಪಟ್ಟಿಯ ಮೇಲೂ ಕ್ರಿಮಿಗಳು ಲೋಳೆಯಂತಹ ಪೊರೆಯನ್ನು ಹೆಣೆದುಕೊಂಡು ಅದರೊಳಗೆ ಅಡಗುತ್ತವೆ. ಆದುದರಿಂದ ಹಲವು ಸಂದರ್ಭಗಳಲ್ಲಿ ಔಷಧಿಯ ಜೊತೆಗೆ ಸತ್ತ ಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದೂ ಅಗತ್ಯವಾಗುತ್ತದೆ.

ಮೊದಲ ಪ್ರಶ್ನೆ: ಬೇಗ ಗುರುತಿಸುವುದು ಹೇಗೆ?

ನಮ್ಮ ಸೀಮೆಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಫ್ಲೋರೈಡಿನ ಬಿಗಿತ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬರುತ್ತದೆ, ಜ್ವರ ಇರುವುದಿಲ್ಲ, ಬೆನ್ನು, ಕುತ್ತಿಗೆ, ಮೊಣಕಾಲು ಎಲ್ಲವೂ ಬಿಗಿಯುತ್ತವೆ. ಸೋಂಕಿನ ನೋವು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ನಿಂತು ವಾರದಿಂದ ವಾರಕ್ಕೆ ಹೆಚ್ಚುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ, ಜೊತೆಗೆ ಜ್ವರ, ಬೆವರು, ತೂಕ ಇಳಿಯುವುದು ಇರಬಹುದು. ಆದರೆ ಈ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. ಬೆನ್ನುಮೂಳೆಯ ಕ್ಷಯದಲ್ಲಿ ಜ್ವರವೇ ಇಲ್ಲದಿರಬಹುದು. ಫ್ಲೋರೈಡ್ ತೀವ್ರವಾದಾಗಲೂ ಕಾಲಿನ ಶಕ್ತಿ ಕುಂದಬಹುದು. ಇಬ್ಬರ ನಡಿಗೆಯೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತದೆ.

ಮಾಮೂಲಿ ಕ್ಷ-ಕಿರಣ ಚಿತ್ರದಲ್ಲಿ ಸೋಂಕು ಕಾಣುವ ವೇಳೆಗೆ ಮೂಳೆ ಸಾಕಷ್ಟು ಕರಗಿರುತ್ತದೆ. ಎಂ.ಆರ್.ಐ. ಅದನ್ನು ಮೊದಲೇ ತೋರಿಸುತ್ತದೆ, ಆದರೆ ಆ ಯಂತ್ರ ಹೋಬಳಿಯ ಆಸ್ಪತ್ರೆಯಲ್ಲಿ ಇರುವುದಿಲ್ಲ. ಅದು ಸೋಂಕಿನ ಜಾಗವನ್ನು ತೋರಿಸೀತೇ ಹೊರತು ಕ್ರಿಮಿ ಯಾವುದೆಂದು ಖಚಿತವಾಗಿ ಹೇಳಲಾರದು. ಅದಕ್ಕೆ ಸೂಜಿಯಿಂದ ತುಣುಕು ತೆಗೆದು ಸೂಕ್ಷ್ಮದರ್ಶಕ, ಕೃಷಿ ಪರೀಕ್ಷೆ ಮತ್ತು ಕ್ರಿಮಿಯ ವಂಶವಾಹಿಯನ್ನು ಪತ್ತೆಹಚ್ಚುವ ಸಿಬಿನ್ಯಾಟ್ ಪರೀಕ್ಷೆ ಮಾಡಬೇಕು. ಬ್ರುಸೆಲ್ಲಾ ಜ್ವರಕ್ಕೆ ಬೇರೆಯೇ ರಕ್ತಪರೀಕ್ಷೆಗಳಿವೆ; ವೈದ್ಯರಿಗೆ ಸಂಶಯ ಹುಟ್ಟಿದರೆ ಮಾತ್ರ ಅವನ್ನು ಮಾಡಿಸುತ್ತಾರೆ.

ತಪ್ಪಿ ಗುರುತಿಸಿದರೆ ಆಗುವ ಹಾನಿ ಸಣ್ಣದಲ್ಲ. ರಿಫಾಂಪಿಸಿನ್ ಎಂಬ ಔಷಧಿ ಕ್ಷಯಕ್ಕೂ ಕೊಡಲ್ಪಡುತ್ತದೆ, ಬ್ರುಸೆಲ್ಲಾ ಜ್ವರಕ್ಕೂ ಕೊಡಲ್ಪಡುತ್ತದೆ. ಬ್ರುಸೆಲ್ಲಾ ಇರುವವರಿಗೆ ಕ್ಷಯವೆಂದು ಚಿಕಿತ್ಸೆ ಕೊಟ್ಟರೆ ಅರ್ಧ ಗುಣವಾದಂತೆ ಕಂಡು ರೋಗ ಮರುಕಳಿಸಬಹುದು. ಕ್ಷಯ ಇರುವವರಿಗೆ ಬ್ರುಸೆಲ್ಲಾ ಎಂದು ಸಾಲದಷ್ಟು ಔಷಧಿ ಕೊಟ್ಟರೆ ಕ್ಷಯದ ಕ್ರಿಮಿ ಆ ಅಮೂಲ್ಯ ಔಷಧಿಗೇ ಬಗ್ಗದಂತಾಗಬಹುದು. ಲೆವೊಫ್ಲಾಕ್ಸಾಸಿನ್ ಬಗೆಯ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗಿದರೂ ಕ್ಷಯದ ಲಕ್ಷಣಗಳು ಕೆಲಕಾಲ ಮರೆಯಾಗಿ ರೋಗನಿರ್ಣಯ ತಡವಾಗುತ್ತದೆ. ಫ್ಲೋರೈಡ್, ಕ್ಷಯ, ಕುರಿಸಾಕಣೆ ಮೂರೂ ಇರುವ ಸೀಮೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಒಂದೇ ಭೇಟಿಯಲ್ಲಿ ಇವನ್ನು ಬೇರ್ಪಡಿಸಲು ಯಾವ ಪ್ರಶ್ನೆಗಳನ್ನು ಕೇಳಬೇಕು, ಯಾವ ಅಗ್ಗದ ಪರೀಕ್ಷೆಗಳನ್ನು ಮಾಡಬೇಕು ಎಂಬ ಅಧ್ಯಯನ ನಮ್ಮಂತಹ ತಾಲ್ಲೂಕುಗಳಲ್ಲಿಯೇ ನಡೆಯಬೇಕು.

ಎರಡನೆಯ ಪ್ರಶ್ನೆ: ಸೂಜಿಮದ್ದೋ, ಗುಳಿಗೆಯೋ?

ಕೀವಿನ ಸೋಂಕಿಗೆ ಆರು ವಾರಗಳ ಕಾಲ ರಕ್ತನಾಳದ ಮೂಲಕವೇ ಔಷಧಿ ಕೊಡಬೇಕೆಂಬುದು ವೈದ್ಯರ ದೀರ್ಘಕಾಲದ ನಂಬಿಕೆಯಾಗಿತ್ತು. ಇದನ್ನು ಬ್ರಿಟನ್ನಿನ 26 ಕೇಂದ್ರಗಳಲ್ಲಿ 1,054 ರೋಗಿಗಳ ಮೇಲೆ ಪರೀಕ್ಷಿಸಿ ನೋಡಲಾಯಿತು. ಒವೀವಾ ಎಂಬ ಹೆಸರಿನ ಆ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಚಿಕಿತ್ಸೆ ವಿಫಲವಾದದ್ದು ರಕ್ತನಾಳದ ಔಷಧಿ ಪಡೆದವರಲ್ಲಿ ಶೇಕಡಾ 14.6, ಗುಳಿಗೆ ಪಡೆದವರಲ್ಲಿ ಶೇಕಡಾ 13.2. ಎಂದರೆ, ಸರಿಯಾಗಿ ಆರಿಸಿದ ಗುಳಿಗೆಯು ಸೂಜಿಮದ್ದಿಗಿಂತ ಕಡಿಮೆಯದಲ್ಲ ಎಂದು ತಿಳಿಯಿತು.

ಜಿಲ್ಲಾ ಕೇಂದ್ರದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಪಾವಗಡದ ರೈತನಿಗೆ ಇದರ ಅರ್ಥ ದೊಡ್ಡದು. ಆರು ವಾರ ಆಸ್ಪತ್ರೆಯ ಹಾಸಿಗೆ ಎಂದರೆ ಆರು ವಾರ ಕೂಲಿ ಇಲ್ಲ, ಕುರಿ ಕಾಯುವವರಿಲ್ಲ, ಜೊತೆಗಿರುವ ಬಂಧುವಿನ ದುಡಿಮೆಯೂ ಇಲ್ಲ. ಆದರೆ ಅವಸರದ ತೀರ್ಮಾನವೂ ಸಲ್ಲದು. ಆ ಅಧ್ಯಯನದಲ್ಲಿ ಕ್ಷಯದ ಸೋಂಕಿನವರು ಸೇರಿರಲಿಲ್ಲ. ರೋಗಿಗಳನ್ನು ತಜ್ಞರು ನೋಡಿಕೊಂಡರು, ಅಗತ್ಯವಿದ್ದವರಿಗೆ ಶಸ್ತ್ರಕ್ರಿಯೆ ಆಗಿತ್ತು, ಅನೇಕರ ಗುಳಿಗೆಗಳಲ್ಲಿ ರಿಫಾಂಪಿಸಿನ್ ಕೂಡ ಇತ್ತು. ಔಷಧಿಗೆ ಬಗ್ಗದ ಕ್ರಿಮಿಗಳು ಹೆಚ್ಚಿರುವ, ಕ್ಷಯವೂ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಯಾವ ಗುಳಿಗೆ ಯಾರಿಗೆ ಸುರಕ್ಷಿತ ಎಂಬುದನ್ನು ಇಲ್ಲಿನ ರೋಗಿಗಳಲ್ಲಿಯೇ ಪರೀಕ್ಷಿಸಬೇಕಾಗಿದೆ.

ಮೂರನೆಯ ಪ್ರಶ್ನೆ: ಎಷ್ಟು ಕಾಲ?

ಚಿಕಿತ್ಸೆಯ ಅವಧಿಯ ಬಗೆಗೆ ದೊರೆತ ಉತ್ತರಗಳು ಒಂದೇ ತೆರನಾಗಿಲ್ಲ. ಫ್ರಾನ್ಸಿನ 71 ಕೇಂದ್ರಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆನ್ನುಮೂಳೆಯ ಕೀವಿನ ಸೋಂಕಿಗೆ ಆರು ವಾರದ ಔಷಧಿಯೂ ಹನ್ನೆರಡು ವಾರದ ಔಷಧಿಯೂ ಸಮನಾಗಿ, ಶೇಕಡಾ 90.9ರಷ್ಟು ಜನರನ್ನು ಗುಣಪಡಿಸಿದವು. ಆದರೆ ಕೃತಕ ಕೀಲಿನ ಸೋಂಕಿನ ಬಗೆಗೆ 2021ರಲ್ಲಿ ಬಂದ ಇನ್ನೊಂದು ಫ್ರೆಂಚ್ ಅಧ್ಯಯನದಲ್ಲಿ ಆರು ವಾರ ಔಷಧಿ ಪಡೆದವರಲ್ಲಿ ಶೇಕಡಾ 18.1 ಮಂದಿಗೆ ಸೋಂಕು ಉಳಿಯಿತು. ಹನ್ನೆರಡು ವಾರ ಪಡೆದವರಲ್ಲಿ ಅದು ಶೇಕಡಾ 9.4 ಮಾತ್ರ. ಆದುದರಿಂದ ನೆರೆಮನೆಯವರಿಗೆ ಆರು ವಾರ ಸಾಕಾಯಿತೆಂದು ತಮ್ಮ ಔಷಧಿಯನ್ನು ನಿಲ್ಲಿಸಬಾರದು.

ಬೆನ್ನುಮೂಳೆಯ ಕ್ಷಯದ ಚಿಕಿತ್ಸೆಗೆ ದಾರಿ ತೋರಿಸಿದ ಸಂಶೋಧನೆ ನಮ್ಮ ನೆರೆಯಲ್ಲಿಯೇ ನಡೆದಿದೆ. ಹಿಂದೆ ಇಂತಹ ರೋಗಿಗಳನ್ನು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು, ಗಾರೆಯ ಕವಚ ತೊಡಿಸುತ್ತಿದ್ದರು. ಚೆನ್ನೈಯ ಕ್ಷಯ ಸಂಶೋಧನಾ ಕೇಂದ್ರದಲ್ಲಿ ರೋಗಿಗಳು ನಡೆದಾಡುತ್ತಲೇ ಆರು ಅಥವಾ ಒಂಬತ್ತು ತಿಂಗಳು ಗುಳಿಗೆ ಪಡೆಯುವುದನ್ನು, ದೊಡ್ಡ ಶಸ್ತ್ರಚಿಕಿತ್ಸೆಯೊಡನೆ ಆರು ತಿಂಗಳು ಗುಳಿಗೆ ಪಡೆಯುವುದಕ್ಕೆ ಹೋಲಿಸಿ ನೋಡಲಾಯಿತು. ಹತ್ತು ವರ್ಷಗಳ ಬಳಿಕ ಉತ್ತಮ ಸ್ಥಿತಿಯಲ್ಲಿದ್ದವರು ಕ್ರಮವಾಗಿ ಶೇಕಡಾ 94, 99 ಮತ್ತು 90. ವಾರಾಣಸಿಯ ವೈದ್ಯ ಎಸ್. ಎಂ. ತುಲಿ ಅವರು ಎಲ್ಲರಿಗೂ ಶಸ್ತ್ರಚಿಕಿತ್ಸೆ ಮಾಡದೆ, ಔಷಧಿಯಿಂದ ಆರಂಭಿಸಿ, ಅಗತ್ಯ ಬಿದ್ದವರಿಗೆ ಮಾತ್ರ ಶಸ್ತ್ರಕ್ರಿಯೆ ಮಾಡುವ 'ಮಧ್ಯಮ ಮಾರ್ಗ'ವನ್ನು ಬಳಕೆಗೆ ತಂದರು.

ಇಷ್ಟಾದರೂ ಅವಧಿಯ ಪ್ರಶ್ನೆ ಮುಗಿದಿಲ್ಲ. 2016ರ ಭಾರತೀಯ ಮಾರ್ಗಸೂಚಿ ಮೂಳೆ-ಕೀಲುಗಳ ಕ್ಷಯಕ್ಕೆ ಹನ್ನೆರಡು ತಿಂಗಳ ಚಿಕಿತ್ಸೆಯನ್ನು ಹೇಳುತ್ತದೆ. ಅಗತ್ಯವಿದ್ದರೆ ಹದಿನೆಂಟು ತಿಂಗಳವರೆಗೆ ಮುಂದುವರಿಸಬಹುದು. ಯಾರಿಗೆ ಕಡಿಮೆ ಅವಧಿ ಸಾಕು, ಯಾರಿಗೆ ಹೆಚ್ಚು ಬೇಕು, ಔಷಧಿ ನಿಲ್ಲಿಸಬಹುದೆಂದು ಸಾರುವ ನಂಬಲರ್ಹ ಗುರುತು ಯಾವುದು ಎಂಬುದನ್ನು ಸಂಶೋಧನೆ ಇನ್ನೂ ಸ್ಪಷ್ಟಪಡಿಸಬೇಕು. ಆ ಉತ್ತರ ಬರುವವರೆಗೆ ವೈದ್ಯರು ಹೇಳಿದ ಅವಧಿಯೇ ನಮಗೆ ನಿಯಮ.

ನಾಲ್ಕನೆಯ ಪ್ರಶ್ನೆ: ಮಂದೆಯನ್ನು ಬಿಟ್ಟು ಮನುಷ್ಯನಿಗಷ್ಟೇ ಚಿಕಿತ್ಸೆ ಸಾಕೇ?

ಬ್ರುಸೆಲ್ಲಾ ಜ್ವರಕ್ಕೆ ಸಾಮಾನ್ಯವಾಗಿ ಎರಡು ಔಷಧಿಗಳನ್ನು ಜೊತೆಯಾಗಿ ಕನಿಷ್ಠ ಆರು ವಾರ ಕೊಡುತ್ತಾರೆ. ಬೆನ್ನುಮೂಳೆಗೆ ತಗಲಿದ್ದರೆ ಮೂರು ತಿಂಗಳು ಅಥವಾ ಹೆಚ್ಚು. ಗುಣವಾದ ಕುರಿಗಾಹಿ ಅದೇ ಮಂದೆಗೆ ಮರಳಿದರೆ ಮತ್ತೆ ಸೋಂಕು ತಗಲಬಹುದು. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕಲಾಗುತ್ತಿದೆ. ದನ-ಎಮ್ಮೆ ಸಾಕುವವರು ಇದರ ಪ್ರಯೋಜನ ಪಡೆಯಬೇಕು. ಆದರೆ ಪಾವಗಡ, ಶಿರಾ, ಮಧುಗಿರಿ ಸೀಮೆಯ ಬಡವರ ಸಂಪತ್ತು ಕುರಿ-ಮೇಕೆಗಳಲ್ಲಿದೆ. ಅವುಗಳಲ್ಲಿ ಸೋಂಕು ಎಷ್ಟಿದೆ, ಅವುಗಳ ಜೊತೆ ಬದುಕುವವರಲ್ಲಿ ಎಷ್ಟಿದೆ ಎಂಬುದನ್ನು ಪಶುವೈದ್ಯರೂ ಮಾನವ ವೈದ್ಯರೂ ಒಂದೇ ಊರಿನಲ್ಲಿ ಒಟ್ಟಿಗೆ ಪರೀಕ್ಷಿಸಬೇಕು. ಪಶುರೋಗಗಳ ಅಧ್ಯಯನಕ್ಕೆ ಮೀಸಲಾದ ರಾಷ್ಟ್ರೀಯ ಸಂಸ್ಥೆ ನಿವೇದಿ ಬೆಂಗಳೂರಿನ ಯಲಹಂಕದಲ್ಲಿಯೇ ಇರುವುದರಿಂದ ಇಂತಹ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ.

ಐದನೆಯ ಪ್ರಶ್ನೆ: ಗುಣವೆಂದರೆ ಏನು?

ಸಂಶೋಧಕರು ಕ್ರಿಮಿ ಸತ್ತಿತೇ, ಮೂಳೆ ಕೂಡಿತೇ ಎಂದು ಅಳೆಯುತ್ತಾರೆ. ರೋಗಿಯು ನೋಡುವುದು ಬೇರೆ: ಮತ್ತೆ ಗುದ್ದಲಿ ಹಿಡಿಯಬಲ್ಲೆನೇ? ನೀರಿನ ಕೊಡ ಎತ್ತಬಲ್ಲೆನೇ? ಪದ್ಮಾಸನದಲ್ಲಿ ಕುಳಿತು ಪೂಜೆ ಮಾಡಬಲ್ಲೆನೇ? ಬೆಳೆಯುವ ಮಕ್ಕಳಲ್ಲಿ ಬೆನ್ನುಮೂಳೆಯ ಕ್ಷಯ ಗುಣವಾದ ಮೇಲೂ ಗೂನು ವರ್ಷಗಳವರೆಗೆ ಹೆಚ್ಚುತ್ತ ಹೋಗಬಹುದು; ಆದುದರಿಂದ ಅವರನ್ನು ಬೆಳವಣಿಗೆ ಮುಗಿಯುವವರೆಗೂ ನೋಡುತ್ತಿರಬೇಕು. ಯಾವ ಸಂಶೋಧನೆಗೆ ಆದ್ಯತೆ ಎಂಬುದನ್ನು ನಿರ್ಧರಿಸುವಾಗ ರೋಗವನ್ನು ಅನುಭವಿಸಿದವರ ಮಾತಿಗೂ ಸ್ಥಾನವಿರಬೇಕು. ಅನುಭವವನ್ನೇ ಪ್ರಮಾಣವೆಂದು ಕಂಡ ಮಂಟಪದ ಪರಂಪರೆಯವರಾದ ನಮಗೆ ಇದು ಹೊಸ ವಿಚಾರವಲ್ಲ.

ಭಕ್ತರು ಇಂದೇ ಮಾಡಬಹುದಾದದ್ದು

1. ಒಂದೇ ಜಾಗದ ಬೆನ್ನುನೋವು ಮೂರು-ನಾಲ್ಕು ವಾರ ಮೀರಿ ಹೆಚ್ಚುತ್ತಿದ್ದರೆ, ರಾತ್ರಿ ಬಾಧಿಸಿದರೆ, ಜೊತೆಗೆ ಜ್ವರ ಅಥವಾ ತೂಕ ಇಳಿಯುವುದು ಇದ್ದರೆ, "ನೀರಿನ ದೋಷ" ಎಂದು ಸುಮ್ಮನಿರದೆ ವೈದ್ಯರನ್ನು ಕಾಣಬೇಕು. ಮನೆಯಲ್ಲಿ ಕ್ಷಯ ಇತ್ತೇ, ಕುರಿ-ಮೇಕೆಗಳಿವೆಯೇ, ಹಸಿಹಾಲು ಕುಡಿಯುವ ರೂಢಿಯಿದೆಯೇ ಎಂಬುದನ್ನು ತಾವಾಗಿಯೇ ತಿಳಿಸಬೇಕು.

2. ಕಾಲುಗಳು ಜೋಮು ಹಿಡಿದರೆ, ನಡಿಗೆ ತಡವರಿಸಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರವಿರುವ ಮಗು ಕೈ ಅಥವಾ ಕಾಲನ್ನು ಆಡಿಸದಿದ್ದರೂ ಹಾಗೆಯೇ.

3. ಮೂಳೆ ಮುರಿದು ಚರ್ಮ ಸೀಳಿದ್ದರೆ ಎಣ್ಣೆ, ಸೊಪ್ಪು, ಮಣ್ಣು ಹಚ್ಚಿ ಬಿಗಿಕಟ್ಟು ಹಾಕಿಸಬಾರದು. ಶುದ್ಧ ಬಟ್ಟೆಯಿಂದ ಮುಚ್ಚಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

4. ಹಾಲನ್ನು ಉಕ್ಕುವಂತೆ ಕಾಯಿಸಿಯೇ ಕುಡಿಯಬೇಕು. ಪಂಚಾಮೃತಕ್ಕೆ ಬಳಸುವ ಹಾಲನ್ನೂ ಕಾಯಿಸಿ ಆರಿಸಿ ಬಳಸಿದರೆ ಪಾವಿತ್ರ್ಯಕ್ಕೆ ಕೊರತೆಯಿಲ್ಲ. ಪ್ರಸಾದವಾಗಿ ಸ್ವೀಕರಿಸುವವರಿಗೆ ಕ್ಷೇಮ. ಕುರಿ ಕಂದು ಹಾಕಿದರೆ ಕೈಗವಸಿಲ್ಲದೆ ಮುಟ್ಟದೆ, ಸುಣ್ಣ ಹಾಕಿ ಆಳವಾಗಿ ಹೂಳಬೇಕು, ಪಶುವೈದ್ಯರಿಗೆ ತಿಳಿಸಬೇಕು.

5. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ನಿಕ್ಷಯ್ ಪೋಷಣ್ ಯೋಜನೆಯಡಿ ದೊರೆಯುವ ತಿಂಗಳ ನೆರವು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿದೆ.

6. ಫ್ಲೋರೈಡ್ ಇರುವ ಊರುಗಳಲ್ಲಿ ಕುಡಿಯಲು ಮತ್ತು ಅಡುಗೆಗೆ ಶುದ್ಧೀಕರಿಸಿದ ನೀರನ್ನೇ ಬಳಸಬೇಕು. ಎರಡು ತೊಂದರೆಗಳಲ್ಲಿ ಒಂದನ್ನಾದರೂ ತಡೆದರೆ ಇನ್ನೊಂದನ್ನು ಗುರುತಿಸುವುದು ಸುಲಭವಾಗುತ್ತದೆ.

ಮೂರನೆಯ ತಿಂಗಳ ಪರೀಕ್ಷೆ

ಮೂಳೆಯ ಕ್ಷಯದ ಚಿಕಿತ್ಸೆ ಬಹಳಷ್ಟು ಸಲ ಕೆಡುವುದು ಆರಂಭದಲ್ಲಿ ಅಲ್ಲ, ನೋವು ಕಡಿಮೆಯಾದ ಮೇಲೆ. ಎರಡು-ಮೂರು ತಿಂಗಳಲ್ಲಿ ಹಸಿವು ಹೆಚ್ಚುತ್ತದೆ, ನಡಿಗೆ ಸುಧಾರಿಸುತ್ತದೆ, ಗುಳಿಗೆ ಬೇಸರವಾಗುತ್ತದೆ. ಊರವರು ಏನೆಂದುಕೊಳ್ಳುವರೋ ಎಂಬ ಸಂಕೋಚವೂ ಸೇರುತ್ತದೆ. ಔಷಧಿ ನಿಲ್ಲುತ್ತದೆ, ಅಡಗಿದ್ದ ಕ್ರಿಮಿ ಮತ್ತೆ ಏಳುತ್ತದೆ. ಈ ಹೊತ್ತಿನಲ್ಲಿ ರೋಗಿಗೆ ಬೇಕಾಗುವುದು ದೊಡ್ಡ ಆಸ್ಪತ್ರೆಯಲ್ಲ, ಪಕ್ಕದ ಮನೆಯವರ ಒಂದು ಮಾತು: "ಇಂದಿನ ಗುಳಿಗೆ ಆಯಿತೇ?"

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ವರ್ಷವಿಡೀ ಒಬ್ಬ ರೋಗಿಯನ್ನು ವಿಚಾರಿಸಿಕೊಳ್ಳುವುದೂ, ಪರೀಕ್ಷೆಯ ದಿನ ಅವನೊಡನೆ ಬಸ್ಸು ಹತ್ತುವುದೂ, ಅವನನ್ನು ಪಂಕ್ತಿಯಲ್ಲಿ ದೂರ ಕೂರಿಸದಿರುವುದೂ ದಾಸೋಹವೇ. ವೈದ್ಯವಿಜ್ಞಾನ ತನ್ನ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿರಲಿ. ಅದುವರೆಗೆ ನಮ್ಮ ಊರಿನ ಯಾವ ಬೆನ್ನೂ ಅಲಕ್ಷ್ಯದಿಂದ ಬಾಗದಂತೆ ನೋಡಿಕೊಳ್ಳುವುದು ನಮ್ಮ ಕಾಯಕವಾಗಲಿ.